ಐಸಿಯು ರೋಗಿಯ ಚರ್ಮದಲ್ಲಿ ತಿಳಿಯುವ ರಕ್ತಸಂಚಾರದ ಕೊರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ತಮ್ಮವರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿ ಹೊರಗೆ ಕಾಯುವ ಮನೆಯವರು ಕೇಳುವ ಪ್ರಶ್ನೆಗಳೂ, ತಾಲ್ಲೂಕು ಆಸ್ಪತ್ರೆಗಳಿಗೆ ಹೊಸದಾಗಿ ಬಂದ ಸ್ಟಾಫ್ ನರ್ಸ್‌ಗಳು ಕೇಳುವ ಪ್ರಶ್ನೆಗಳೂ ಇಲ್ಲಿ ಒಟ್ಟಿಗಿವೆ. ಇಬ್ಬರಿಗೂ ಬೇಕಾದ ತಿಳಿವಳಿಕೆ ಬಹುಪಾಲು ಒಂದೇ. ಇದು ಚಿಕಿತ್ಸೆಯ ಕೈಪಿಡಿಯಲ್ಲ; ರೋಗಿಯ ಮೈಯನ್ನು ಮುಟ್ಟಿ ನೋಡಿ ಏನನ್ನು ತಿಳಿಯಬಹುದು, ತಿಳಿದದ್ದನ್ನು ಯಾರಿಗೆ ಎಷ್ಟು ಬೇಗ ಹೇಳಬೇಕು ಎಂಬುದಷ್ಟೇ ಇದರ ವಿಷಯ.

ಕಾಯಿಲೆ ಇರುವುದು ಶ್ವಾಸಕೋಶದಲ್ಲಿ. ಆದರೂ ವೈದ್ಯರು ಬಂದಾಗಲೆಲ್ಲ ಹೊದಿಕೆ ಸರಿಸಿ ಮೊಣಕಾಲು, ಪಾದ, ಕೈಬೆರಳುಗಳನ್ನು ಮುಟ್ಟಿ ನೋಡುವುದೇಕೆ?

ರಕ್ತದ ಹರಿವು ಸಾಲದೆ ಬಂದಾಗ ದೇಹವು ಎಲ್ಲ ಅಂಗಗಳಿಗೂ ಸಮನಾಗಿ ಕಡಿತ ಮಾಡುವುದಿಲ್ಲ. ಸೋಂಕು ವಿಕೋಪಕ್ಕೆ ಹೋಗಿ ಸೆಪ್ಸಿಸ್ ಆಗಿರಲಿ, ರಕ್ತಸ್ರಾವವಾಗಿರಲಿ, ವಾಂತಿಭೇದಿಯಿಂದ ಮೈಯ ನೀರು ಬತ್ತಿರಲಿ, ಹೃದಯವೇ ಸೋತಿರಲಿ, ಅಪಾಯದ ಹೊತ್ತಿನಲ್ಲಿ ದೇಹವನ್ನು ತಾನಾಗಿಯೇ ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಕೂಡಲೇ ಚುರುಕಾಗಿ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ಹಾಗೆ ಉಳಿಸಿದ ರಕ್ತ ಮಿದುಳಿಗೂ ಹೃದಯಕ್ಕೂ ಹೋಗುತ್ತದೆ. ನಮ್ಮ ಕೋಲಾರದ ಕಡೆ ಮಳೆ ಕೈಕೊಟ್ಟ ವರ್ಷ ನೀರಗಂಟಿಯು ಗದ್ದೆಗಳ ತೂಬನ್ನು ಮುಚ್ಚಿ ಕೆರೆಯಲ್ಲಿ ಉಳಿದ ನೀರನ್ನು ಊರಿನ ಜನ ಮತ್ತು ದನಕರುಗಳಿಗೆ ಕಾದಿರಿಸುತ್ತಿದ್ದ ರೀತಿ ಇದು. ಹೀಗಾಗಿ ಕೊರತೆ ಮೊದಲು ಗೋಚರಿಸುವುದು ಚರ್ಮದಲ್ಲಿ, ಅದರಲ್ಲೂ ಹೃದಯದಿಂದ ದೂರವಿರುವ ಬೆರಳು, ಪಾದ, ಮೊಣಕಾಲುಗಳಲ್ಲಿ. ಮೂತ್ರಪಿಂಡ, ಕರುಳು, ಪಿತ್ತಜನಕಾಂಗಗಳಿಗೂ ಅದೇ ಹೊತ್ತಿನಲ್ಲಿ ರಕ್ತ ಕಡಿಮೆಯಾಗುತ್ತಿರಬಹುದು, ಆದರೆ ಅವು ಕಣ್ಣಿಗೆ ಬೀಳುವುದಿಲ್ಲ. ಚರ್ಮ ಬೀಳುತ್ತದೆ. ವೈದ್ಯರು ಹೊದಿಕೆ ಸರಿಸುವುದು ಈ ಕಾರಣಕ್ಕೆ.

ಮಾನಿಟರಿನಲ್ಲಿ ಬಿಪಿ ಸರಿಯಾಗಿದೆ ಎನ್ನುತ್ತಾರೆ. ಆದರೆ ನಾವು ಮುಟ್ಟಿದರೆ ಕೈಕಾಲು ತಣ್ಣಗಿದೆ. ಯಾವುದನ್ನು ನಂಬಬೇಕು?

ಎರಡನ್ನೂ ನಂಬಬೇಕು, ಏಕೆಂದರೆ ಅವೆರಡೂ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿವೆ. ಬಿಪಿ ಎಂಬುದು ದೊಡ್ಡ ರಕ್ತನಾಳಗಳೊಳಗಿನ ಒತ್ತಡ. ಕೈಕಾಲಿನ ಬಿಸಿ ಮತ್ತು ಬಣ್ಣ ತೋರಿಸುವುದು ಕೂದಲೆಳೆಗಿಂತ ತೆಳುವಾದ ಲೋಮನಾಳಗಳಲ್ಲಿ ರಕ್ತ ನಿಜವಾಗಿ ಹರಿಯುತ್ತಿದೆಯೇ ಎಂಬುದನ್ನು. ಮೈಯ ಸಣ್ಣ ನಾಳಗಳೆಲ್ಲ ಬಿಗಿದುಕೊಂಡಾಗ ಒತ್ತಡ ಸ್ವಲ್ಪ ಹೊತ್ತು ಸಹಜವಾಗಿಯೇ ನಿಲ್ಲುತ್ತದೆ, ಹರಿವು ಮಾತ್ರ ಕುಸಿದಿರುತ್ತದೆ. ಮಕ್ಕಳಲ್ಲಿಯೂ ಗಟ್ಟಿಮುಟ್ಟಾದ ಯುವಕರಲ್ಲಿಯೂ ಈ ಸ್ಥಿತಿ ಗಂಟೆಗಟ್ಟಲೆ ಎಳೆದಾಡಿ ಕೊನೆಗೆ ಬಿಪಿ ಒಮ್ಮೆಲೇ ಬೀಳುವುದುಂಟು. ಸೆಪ್ಸಿಸ್ ಚಿಕಿತ್ಸೆಯಲ್ಲಿ ಸರಾಸರಿ ರಕ್ತದೊತ್ತಡವನ್ನು (ಮೇಲಿನ ಮತ್ತು ಕೆಳಗಿನ ಬಿಪಿಗಳಿಂದ ಲೆಕ್ಕ ಹಾಕುವ ಸಂಖ್ಯೆ) ಮೊದಲಿಗೆ 65ಕ್ಕೆ ತಂದು ನಿಲ್ಲಿಸುವ ಗುರಿ ಇಟ್ಟುಕೊಳ್ಳುತ್ತಾರೆ. ಆ ಸಂಖ್ಯೆ ಬಂದ ಮೇಲೂ ಪಾದ ತಣ್ಣಗಿದ್ದು ಮೂತ್ರ ಕಡಿಮೆಯಿದ್ದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ.

ಬೆರಳನ್ನು ಒತ್ತಿ ಹಿಡಿದು ಬಿಟ್ಟು ಎಣಿಸುತ್ತಾರಲ್ಲ, ಅದು ಯಾವ ಪರೀಕ್ಷೆ? ಅದನ್ನು ಸರಿಯಾಗಿ ಮಾಡುವುದು ಹೇಗೆ?

ಅದಕ್ಕೆ ಕ್ಯಾಪಿಲರಿ ರೀಫಿಲ್ ಪರೀಕ್ಷೆ ಎನ್ನುತ್ತಾರೆ. ಬೆರಳ ತುದಿಯನ್ನು ಒತ್ತಿದಾಗ ಲೋಮನಾಳಗಳ ರಕ್ತ ಪಕ್ಕಕ್ಕೆ ಸರಿದು ಆ ಜಾಗ ಬಿಳಿಚಿಕೊಳ್ಳುತ್ತದೆ. ಬಿಟ್ಟ ಮೇಲೆ ರಕ್ತ ಮರಳಿ ತುಂಬಿ ಮೊದಲಿನ ಬಣ್ಣ ಬರಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಲೆಕ್ಕ. ಯಂತ್ರವಾಗಲಿ ರಕ್ತದ ಮಾದರಿಯಾಗಲಿ ಬೇಡ, ಖರ್ಚೂ ಇಲ್ಲ. ಆದರೆ ಅಡ್ಡಾದಿಡ್ಡಿಯಾಗಿ ಮಾಡಿದರೆ ಇದರಷ್ಟು ದಾರಿ ತಪ್ಪಿಸುವ ಪರೀಕ್ಷೆಯೂ ಇಲ್ಲ, ಆದ್ದರಿಂದ ವಿಧಾನವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ರೋಗಿಯ ಕೈ ಹೃದಯದ ಮಟ್ಟದಲ್ಲಿರಬೇಕು. ಮಂಚದಿಂದ ಕೆಳಗೆ ಜೋತುಬಿದ್ದ ಕೈಯಲ್ಲಿ ನೋಡಬಾರದು. ತೋರುಬೆರಳ ತುದಿಯ ಒಳಭಾಗವನ್ನು, ಅಂದರೆ ಉಗುರಿನ ಹಿಂಬದಿಯ ಮೆತ್ತನೆಯ ಭಾಗವನ್ನು, ಬಿಳಿಚುವವರೆಗೆ ಒತ್ತಬೇಕು. ಸಂಶೋಧನೆಗಳಲ್ಲಿ ಗಾಜಿನ ಸ್ಲೈಡ್ ಇಟ್ಟು 10 ಸೆಕೆಂಡು ಒತ್ತಿ ಹಿಡಿಯುತ್ತಾರೆ. ಗಾಜಿನ ಮೂಲಕ ಚರ್ಮ ಬಿಳಿಚಿದ್ದು ಸ್ಪಷ್ಟವಾಗಿ ಕಾಣುವುದೇ ಅದರ ಅನುಕೂಲ. ವಾರ್ಡಿನಲ್ಲಿ ಬೆರಳಿನಿಂದಲೇ ಒತ್ತುವುದು ರೂಢಿ. ಬಿಟ್ಟ ಕೂಡಲೇ ಗಡಿಯಾರದ ಸೆಕೆಂಡು ಮುಳ್ಳು ಅಥವಾ ಮೊಬೈಲಿನ ಸ್ಟಾಪ್‌ವಾಚ್ ನೋಡಿಯೇ ಎಣಿಸಬೇಕು, ಏಕೆಂದರೆ ಆತಂಕದ ಹೊತ್ತಿನಲ್ಲಿ ಮನಸ್ಸಿನ ಎಣಿಕೆ ಓಡುತ್ತದೆ. ಬೆಳಕು ಚೆನ್ನಾಗಿರಬೇಕು.

ಎಷ್ಟು ಸೆಕೆಂಡು ಸಹಜ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 2 ಸೆಕೆಂಡು ಎಂಬ ಗಡಿ 1980ರ ದಶಕದಿಂದ ಪಠ್ಯಗಳಲ್ಲಿ ನೆಲೆನಿಂತಿದೆ. ಆದರೆ 1988ರಲ್ಲಿ ಅಮೆರಿಕದ ಶ್ರಿಗರ್ ಮತ್ತು ಬರಾಫ್ ಆರೋಗ್ಯವಂತರನ್ನೇ ಅಳೆದು ನೋಡಿದಾಗ ಮಕ್ಕಳಲ್ಲೂ ವಯಸ್ಕ ಗಂಡಸರಲ್ಲೂ ಸಹಜದ ಮೇಲಿನ ಮಿತಿ 2 ಸೆಕೆಂಡಿನ ಆಸುಪಾಸಿನಲ್ಲಿದ್ದರೆ, ವಯಸ್ಕ ಹೆಂಗಸರಲ್ಲಿ 2.9 ಸೆಕೆಂಡು, ವೃದ್ಧರಲ್ಲಿ 4.5 ಸೆಕೆಂಡಿನವರೆಗೂ ಇತ್ತು. ಈಗ ಐಸಿಯುಗಳಲ್ಲಿ ವಯಸ್ಕರಿಗೆ 3 ಸೆಕೆಂಡಿಗಿಂತ ಹೆಚ್ಚಾದರೆ ಅಸಹಜವೆಂದು ಹಿಡಿಯುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಒಂದು ಸಲದ ಸಂಖ್ಯೆಗಿಂತ, ಅದೇ ಬೆರಳಿನಲ್ಲಿ, ಅದೇ ರೀತಿಯಲ್ಲಿ, ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ನೋಡಿ ಬರೆದಿಟ್ಟ ಸಂಖ್ಯೆಗಳ ಸಾಲಿಗೆ ಬೆಲೆ ಹೆಚ್ಚು. 5 ಇದ್ದದ್ದು 3ಕ್ಕೆ ಇಳಿಯಿತೆಂದರೆ ಚಿಕಿತ್ಸೆ ಹಿಡಿಯುತ್ತಿದೆ. 3 ಇದ್ದದ್ದು 5ಕ್ಕೆ ಏರಿತೆಂದರೆ ಬಿಪಿ ಎಷ್ಟೇ ಇರಲಿ, ವೈದ್ಯರನ್ನು ಕರೆಯಬೇಕು.

ಮೊಣಕಾಲಿನ ಸುತ್ತ ನೇರಳೆ ಬಣ್ಣದ ಕಲೆಗಳು ಬಲೆಬಲೆಯಾಗಿ ಮೂಡಿವೆ. ಪೆಟ್ಟು ಬಿದ್ದಿಲ್ಲ. ಇದೇನು?

ವೈದ್ಯರು ಇದನ್ನು ಮಾಟ್ಲಿಂಗ್ ಎನ್ನುತ್ತಾರೆ. ಚರ್ಮದ ಸಣ್ಣ ಅಪಧಮನಿಗಳು ಬಿಗಿದುಕೊಂಡು ಅಲ್ಲಲ್ಲಿ ರಕ್ತ ತಲುಪದೆ, ತಲುಪಿದ ಕಡೆಯೂ ನಿಧಾನವಾಗಿ ನಿಂತುನಿಂತು ಹರಿದಾಗ, ಬಿಳಿಚಿದ ಜಾಗ ಮತ್ತು ಕಪ್ಪುನೇರಳೆ ಜಾಗ ಒಂದರೊಳಗೊಂದು ಬೆರೆತಂತೆ ಕಾಣುತ್ತದೆ. ಸಾಮಾನ್ಯವಾಗಿ ಮೊಣಕಾಲ ಚಿಪ್ಪಿನ ಮೇಲೆ ಶುರುವಾಗಿ ಸುತ್ತಲೂ ಹರಡುತ್ತದೆ. ಬೆರಳು, ಕಿವಿಗಳಲ್ಲೂ ಕಾಣಬಹುದು. ಪೆಟ್ಟಿನ ಕಲೆಗೆ ಹೋಲಿಸಿದರೆ ಇದರಲ್ಲಿ ಊತವಿಲ್ಲ, ಎರಡೂ ಕಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿರುತ್ತದೆ, ಮತ್ತು ಗಂಟೆಯಿಂದ ಗಂಟೆಗೆ ಬದಲಾಗುತ್ತದೆ.

ಪ್ಯಾರಿಸ್ಸಿನ ಸೇಂಟ್ ಆಂಟ್ವಾನ್ ಆಸ್ಪತ್ರೆಯ ಐತ್ ಊಫೆಲ್ಲಾ ಮತ್ತು ಸಹೋದ್ಯೋಗಿಗಳು 2011ರಲ್ಲಿ ಇದನ್ನು 0ಯಿಂದ 5ರವರೆಗಿನ ಅಂಕಗಳಲ್ಲಿ ಅಳೆಯುವ ಸರಳ ಕ್ರಮವನ್ನು ಪ್ರಕಟಿಸಿದರು. ಕಲೆಯೇ ಇಲ್ಲದಿದ್ದರೆ 0. ಮೊಣಕಾಲ ನಡುವೆ ಒಂದು ನಾಣ್ಯದಷ್ಟಿದ್ದರೆ 1, ಚಿಪ್ಪಿನ ಮೇಲಂಚನ್ನು ದಾಟದಿದ್ದರೆ 2, ತೊಡೆಯ ಮಧ್ಯದವರೆಗೆ 3, ತೊಡೆಸಂದಿನವರೆಗೆ 4, ಅದನ್ನೂ ಮೀರಿದರೆ 5. ಸೆಪ್ಟಿಕ್ ಶಾಕ್ ಆಗಿದ್ದ 60 ರೋಗಿಗಳನ್ನು ಅವರು ಗಮನಿಸಿದ್ದರು. ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿಯೇ ಶಾಕ್; ಅದು ಸೆಪ್ಸಿಸ್‌ನಿಂದ ಬಂದರೆ ಸೆಪ್ಟಿಕ್ ಶಾಕ್. ಚಿಕಿತ್ಸೆ ಶುರುವಾಗಿ 6 ಗಂಟೆಯ ನಂತರವೂ ಕಲೆ ವಿಸ್ತಾರವಾಗಿದ್ದವರಲ್ಲಿ ಸಾವು ಹೆಚ್ಚಿತ್ತು, ಮತ್ತು ಹೆಚ್ಚು ಅಂಕ ಪಡೆದವರಲ್ಲಿ ಮೂತ್ರ ಕಡಿಮೆಯೂ ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಪದಾರ್ಥ) ಹೆಚ್ಚೂ ಇತ್ತು. ಗಮನಿಸಬೇಕಾದ ಮಾತೆಂದರೆ ಮೊದಲ ನೋಟದಲ್ಲಿ ಕಲೆ ಕಂಡದ್ದಕ್ಕಿಂತ ಚಿಕಿತ್ಸೆಯ ನಂತರವೂ ಅದು ಉಳಿದುಕೊಂಡದ್ದು ಹೆಚ್ಚು ಗಂಭೀರ.

ಎಲ್ಲ ಬಲೆಗಲೆಗಳೂ ಶಾಕ್ ಅಲ್ಲ. ಎಳೆಗೂಸನ್ನು ಸ್ನಾನದ ನಂತರ ಚಳಿಗೆ ಬಿಟ್ಟರೆ ಮೈಯೆಲ್ಲ ಹೀಗೆ ಕಂಡು, ಬೆಚ್ಚಗೆ ಸುತ್ತಿದ ಮೇಲೆ ಮಾಯವಾಗುತ್ತದೆ. ಬಹುಕಾಲ ಒಲೆಯ ಮುಂದೆ ಕಾಲು ಚಾಚಿ ಕೂರುವ ಅಜ್ಜಿಯರ ಕಾಲಿನಲ್ಲಿಯೂ ಕಂದುಬಣ್ಣದ ಬಲೆ ಮೂಡಿರುವುದುಂಟು. ಅದು ವರ್ಷಗಳಿಂದ ಇದ್ದದ್ದೆಂದು ಮನೆಯವರು ಹೇಳಿದರೆ ಅನಗತ್ಯ ಗಾಬರಿ ತಪ್ಪುತ್ತದೆ.

ನಮ್ಮದು ಕಪ್ಪು ಮೈಬಣ್ಣ. ಪುಸ್ತಕದ ಚಿತ್ರಗಳಲ್ಲಿರುವ ಕೆಂಪು, ನೇರಳೆ ಏನೂ ಕಾಣುವುದಿಲ್ಲವಲ್ಲ?

ಈ ಪ್ರಶ್ನೆ ತುಂಬ ಮುಖ್ಯವಾದದ್ದು, ಮತ್ತು ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂಬ ಸಂಕಟ ನನಗಿದೆ. ಮಾಟ್ಲಿಂಗ್ ಅಂಕಗಳನ್ನು ರೂಪಿಸಿದ್ದು ಯುರೋಪಿನಲ್ಲಿ, ಬಹುತೇಕ ಬಿಳಿ ಚರ್ಮವನ್ನು ನೋಡಿ. ಬಿಸಿಲಲ್ಲಿ ಟೊಮೆಟೊ ತೋಟ, ರಾಗಿ ಹೊಲಗಳಲ್ಲಿ ದುಡಿದ ನಮ್ಮ ಜನರ ಮೊಣಕಾಲಿನ ಚರ್ಮ ಮೊದಲೇ ಕಪ್ಪಾಗಿ ದಪ್ಪವಾಗಿರುತ್ತದೆ. ಅಲ್ಲಿ ಮೊದಲನೆಯ ಎರಡನೆಯ ಅಂಕದ ಕಲೆ ಕಣ್ಣಿಗೆ ಸಿಕ್ಕದೇ ಹೋಗಬಹುದು. ಕಲೆ ಕಾಣಲಿಲ್ಲ ಎಂದಮಾತ್ರಕ್ಕೆ ಹರಿವು ಚೆನ್ನಾಗಿದೆ ಎಂದು ನಮ್ಮ ರೋಗಿಗಳಲ್ಲಿ ತೀರ್ಮಾನಿಸಬಾರದು.

ಬಣ್ಣದ ವರ್ಣಕ ಕಡಿಮೆಯಿರುವ ಜಾಗಗಳನ್ನು ಹುಡುಕಿ ನೋಡುವುದು ಮೊದಲ ದಾರಿ: ಅಂಗೈ, ಅಂಗಾಲು, ಉಗುರಿನ ತಳ, ತುಟಿಯ ಒಳಭಾಗ, ನಾಲಿಗೆ, ಕೆಳರೆಪ್ಪೆಯ ಒಳಭಾಗ. ಕಪ್ಪು ಚರ್ಮದಲ್ಲಿ ರಕ್ತದ ಕೊರತೆಯು ನೇರಳೆಯಾಗಿ ಕಾಣುವ ಬದಲು ಬೂದಿಬಣ್ಣಕ್ಕೆ ತಿರುಗಿದ, ಕಳೆಗುಂದಿದ ಮೈಯಾಗಿ ಕಾಣಬಹುದು. ಎರಡನೆಯ ದಾರಿ ಕಣ್ಣಿಗಿಂತ ಕೈಯನ್ನು ನಂಬುವುದು. ತಣ್ಣಗಿರುವುದಕ್ಕೂ ಬೆವರಿನ ಜಿಗುಟಿಗೂ ಮೈಬಣ್ಣದ ಹಂಗಿಲ್ಲ. ನಿಮ್ಮ ಅಂಗೈಯ ಹಿಂಬದಿಯಿಂದ ರೋಗಿಯ ಪಾದದಿಂದ ಶುರುಮಾಡಿ ಪಾದದ ಕೀಲು, ಮೊಣಕಾಲು, ತೊಡೆ ಎಂದು ಮೇಲಕ್ಕೆ ಸವರುತ್ತ ಹೋಗಿ, ತಣ್ಣನೆಯ ಮೈ ಎಲ್ಲಿ ಬೆಚ್ಚಗಾಗುತ್ತದೆ ಎಂದು ಗುರುತಿಟ್ಟುಕೊಳ್ಳಿ. ಆ ಗಡಿ ಗಂಟೆ ಕಳೆದಂತೆ ಪಾದದ ಕಡೆ ಇಳಿದರೆ ಒಳ್ಳೆಯದು, ತೊಡೆಯ ಕಡೆ ಏರಿದರೆ ಕೆಟ್ಟದ್ದು. ಇದು ಹಳೆಯ ವಿದ್ಯೆಯೇ: 1969ರಲ್ಲಿ ಜೋಲಿ ಮತ್ತು ವೈಲ್ ಎಂಬ ವೈದ್ಯರು ಕಾಲಿನ ಹೆಬ್ಬೆರಳಿನ ಉಷ್ಣತೆಯನ್ನು ಅಳೆದು ಅದು ಶಾಕ್‌ನ ತೀವ್ರತೆಯನ್ನು ಸೂಚಿಸುತ್ತದೆ ಎಂದು ತೋರಿಸಿದ್ದರು.

ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿ ಕೈ ಸದಾ ಬಿಸಿನೀರಿನಲ್ಲಿ ಇರುವವರ, ಗಾರೆ ಕೆಲಸದವರ ಬೆರಳ ತುದಿಯ ಚರ್ಮ ಬೆಂದು ಒರಟಾಗಿ, ಒತ್ತಿದರೂ ಬಿಳಿಚಿದ್ದು ತಿಳಿಯದಿರಬಹುದು. ಅಂಥವರಲ್ಲಿ ಉಗುರಿನ ತಳ ಅಥವಾ ಎದೆಮೂಳೆಯ ಮೇಲಿನ ಚರ್ಮವನ್ನು ಆರಿಸಿಕೊಳ್ಳಬಹುದು. ಎಲ್ಲಿ ನೋಡಿದ್ದು ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯಬೇಕು, ಏಕೆಂದರೆ ಬೆರಳಿನ ಲೆಕ್ಕವೂ ಎದೆಯ ಲೆಕ್ಕವೂ ಒಂದೇ ಅಲ್ಲ.

ಗೋರಂಟಿ, ಉಗುರುಬಣ್ಣ, ಅರಿಶಿನ, ಕಾಲುಂಗುರ: ಇವನ್ನೆಲ್ಲ ತೆಗೆಯಲೇಬೇಕೆ?

ಉಗುರುಬಣ್ಣವನ್ನು ಅಳಿಸಬೇಕು. ಗೋರಂಟಿಯ ಬಣ್ಣ ಅಳಿಸಲಾಗದು. ಆಷಾಢದಲ್ಲೋ ಮದುವೆಯ ದಿನಗಳಲ್ಲೋ ಹಚ್ಚಿಕೊಂಡ ಹೆಣ್ಣುಮಕ್ಕಳಲ್ಲಿ ಬಣ್ಣವಿಲ್ಲದ ಜಾಗವನ್ನೇ ಹುಡುಕಿ ನೋಡಬೇಕು, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರನ್ನು ಕಿವಿಯ ಹಾಲೆಗೆ ಹಾಕಬಹುದು. ಪಾದಕ್ಕೆ ಹಚ್ಚಿದ ಅರಿಶಿನವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಕಾಲುಂಗುರದ ಮಾತು ಹಾಗಲ್ಲ. ಗಂಡ ಬದುಕಿರುವ ಹೆಂಗಸಿನ ಕಾಲುಂಗುರವನ್ನು ಐಸಿಯುವಿನಲ್ಲಿ ಬಿಚ್ಚಿಸುವುದು ಮನೆಯವರಿಗೆ ಅಪಶಕುನವಾಗಿ ಕಾಣುತ್ತದೆ, ಆ ನೋವು ಸಣ್ಣದಲ್ಲ. ಆದರೆ ಸೆಪ್ಸಿಸ್‌ನಲ್ಲಿ ರಕ್ತನಾಳಗಳಿಂದ ದ್ರವ ಸೋರಿ ಒಂದು ದಿನದೊಳಗೆ ಪಾದ ಊದಿಕೊಳ್ಳಬಹುದು; ಬೆಳ್ಳಿಯ ಉಂಗುರ ಬೆರಳೊಳಗೆ ಹೂತು, ಮೊದಲೇ ಕಡಿಮೆಯಾಗಿದ್ದ ರಕ್ತವನ್ನು ಪೂರ್ತಿ ತಡೆದುಬಿಡಬಹುದು. ಆಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಊತ ಬರುವ ಮುನ್ನ, ಮನೆಯ ಹಿರಿಯ ಹೆಂಗಸೊಬ್ಬರನ್ನು ಒಳಕ್ಕೆ ಕರೆದು, ಕಾರಣ ಹೇಳಿ, ಅವರ ಕೈಯಿಂದಲೇ ತೆಗೆಸಿ ಅವರ ವಶಕ್ಕೆ ಕೊಡುವುದು ಸರಿಯಾದ ಕ್ರಮ. ಬಳೆ, ಉಂಗುರ, ಮಕ್ಕಳ ಕಾಲಿಗೆ ಕಟ್ಟಿದ ಕಪ್ಪು ದಾರಕ್ಕೂ ಇದೇ ಮಾತು.

ಕೈಕಾಲು ಬೆಚ್ಚಗಿದ್ದರೆ ಗಂಡಾಂತರ ಇಲ್ಲವೆಂದು ತಿಳಿಯಬಹುದೇ?

ಇಲ್ಲ. ಸೆಪ್ಸಿಸ್‌ನ ಕೆಲವು ರೋಗಿಗಳಲ್ಲಿ ರಕ್ತನಾಳಗಳು ಬಿಗಿಯುವ ಬದಲು ಸಡಿಲಗೊಂಡು ಹಿಗ್ಗುತ್ತವೆ. ಆಗ ಕೈಕಾಲು ಬಿಸಿಯಾಗಿ, ಮುಖ ಕೆಂಪೇರಿ, ಬೆರಳು ಒತ್ತಿ ಬಿಟ್ಟರೆ ಕ್ಷಣದಲ್ಲಿ ಬಣ್ಣ ಮರಳುತ್ತದೆ. ಆದರೂ ಬಿಪಿ ಬಿದ್ದಿರುತ್ತದೆ, ನಾಡಿ ಓಡುತ್ತಿರುತ್ತದೆ, ಮಾತು ತೊದಲುತ್ತಿರುತ್ತದೆ. ಚರ್ಮದ ಕೆಟ್ಟ ಲಕ್ಷಣ ಕಂಡರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ಆದರೆ ಒಳ್ಳೆಯ ಲಕ್ಷಣವೊಂದನ್ನೇ ನಂಬಿ ನಿಶ್ಚಿಂತರಾಗಬಾರದು.

ತುಟಿ ನೀಲಿಯಾಗುವುದಕ್ಕೂ ಬೆರಳು ನೀಲಿಯಾಗುವುದಕ್ಕೂ ವ್ಯತ್ಯಾಸವಿದೆಯೇ?

ಇದೆ. ಬೆರಳ ತುದಿ ಮಾತ್ರ ನೀಲಿಯಾಗಿ ನಾಲಿಗೆ ಕೆಂಪಾಗಿದ್ದರೆ, ರಕ್ತದಲ್ಲಿ ಆಮ್ಲಜನಕ ಇದ್ದರೂ ಬೆರಳಿಗೆ ಹರಿವು ನಿಧಾನವಾಗಿದೆ ಎಂದರ್ಥ. ನಾಲಿಗೆ, ತುಟಿಯ ಒಳಭಾಗವೂ ನೀಲಿಯಾದರೆ ರಕ್ತದಲ್ಲೇ ಆಮ್ಲಜನಕ ಕಡಿಮೆಯಾಗಿದೆ. ಆದರೆ ನೀಲಿಬಣ್ಣ ಕಾಣಬೇಕಾದರೆ ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ ಸುಮಾರು 5 ಗ್ರಾಂ ಇರಬೇಕೆಂಬುದು ಹಳೆಯ ಲೆಕ್ಕ. ತೀವ್ರ ರಕ್ತಹೀನತೆ ಇರುವವರಲ್ಲಿ ಒಟ್ಟು ಹಿಮೋಗ್ಲೋಬಿನ್ನೇ 6 ಅಥವಾ 7 ಇರುವಾಗ, ಉಸಿರು ಕಟ್ಟುವಷ್ಟು ಕಷ್ಟವಿದ್ದರೂ ತುಟಿ ನೀಲಿಯಾಗದೆ ಬರೀ ಬಿಳಿಚಿಕೊಂಡಿರುತ್ತದೆ. ರಕ್ತಹೀನತೆ ಇಷ್ಟು ಸಾಮಾನ್ಯವಾಗಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಇದನ್ನು ಮರೆಯುವಂತಿಲ್ಲ.

ಪಲ್ಸ್ ಆಕ್ಸಿಮೀಟರ್ ಕೂಡ ಎರಡು ಕಡೆ ಸೋಲುತ್ತದೆ. ಬೆರಳು ತಣ್ಣಗಾಗಿ ಹರಿವು ಇಲ್ಲವಾದಾಗ ಅದಕ್ಕೆ ನಾಡಿ ಸಿಕ್ಕದೆ ಸಂಖ್ಯೆ ಬರುವುದಿಲ್ಲ ಅಥವಾ ಸುಳ್ಳು ಸಂಖ್ಯೆ ಬರುತ್ತದೆ. ಕಪ್ಪು ಚರ್ಮದಲ್ಲಿ ಅದು ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸಬಹುದೆಂಬುದು 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಂದ ಮತ್ತೆ ಸ್ಪಷ್ಟವಾಯಿತು. ಯಂತ್ರ ಬೆರಳಿನಲ್ಲಿ ಸಂಖ್ಯೆ ಹಿಡಿಯುತ್ತಿಲ್ಲ ಎಂದರೆ ಯಂತ್ರ ಕೆಟ್ಟಿದೆ ಎನ್ನುವ ಮುನ್ನ ರೋಗಿಯ ಕೈ ಮುಟ್ಟಿ ನೋಡಿ.

ನಂದಿಬೆಟ್ಟದ ಕಡೆಯ ಚಳಿಗೆ ಯಾರ ಕೈಯಾದರೂ ತಣ್ಣಗಿರುತ್ತದೆ. ಅದು ಲೆಕ್ಕ ತಪ್ಪಿಸುವುದಿಲ್ಲವೇ?

ತಪ್ಪಿಸುತ್ತದೆ. ಮಾರ್ಗಶಿರ, ಪುಷ್ಯ ಮಾಸದ ಮುಂಜಾನೆ ದೂರದ ಊರಿನಿಂದ ತೆರೆದ ವಾಹನದಲ್ಲಿ ಬಂದವರಲ್ಲಿ, ಎಸಿ ಗಾಳಿ ನೇರವಾಗಿ ಬೀಳುವ ಹಾಸಿಗೆಯಲ್ಲಿ ಮಲಗಿದವರಲ್ಲಿ ಬೆರಳಿನ ಲೆಕ್ಕ ಉದ್ದವಾಗುತ್ತದೆ. ಹೊದಿಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ನೋಡಬೇಕು. ಬಹುಕಾಲದ ಸಕ್ಕರೆ ಕಾಯಿಲೆ ಇರುವವರ, ಬೀಡಿ ಸೇದುವವರ ಕಾಲಿನ ರಕ್ತನಾಳಗಳು ಮೊದಲೇ ಕಿರಿದಾಗಿರುವುದರಿಂದ ಅವರಲ್ಲಿ ಪಾದಕ್ಕಿಂತ ಕೈಯನ್ನು ನೋಡುವುದು ಮೇಲು.

ಒಂದೇ ಕಾಲು ಅಥವಾ ಒಂದೇ ಕೈ ಒಮ್ಮೆಲೇ ತಣ್ಣಗಾಗಿ, ಬಿಳಿಚಿ, ನೋಯತೊಡಗಿದರೆ ಅದು ಬೇರೆಯೇ ತುರ್ತು. ಆ ಅಂಗದ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೆ ಗಂಟೆಗಳೊಳಗೆ ಚಿಕಿತ್ಸೆ ಬೇಕು. ಯಾವಾಗಲೂ ಎರಡೂ ಕಡೆ ಮುಟ್ಟಿ ಹೋಲಿಸಬೇಕೆನ್ನುವುದು ಇದಕ್ಕಾಗಿ.

ಅಂಗೈ ಅಂಗಾಲು ತಿಕ್ಕಿದರೆ, ಬಿಸಿನೀರಿನ ಚೀಲ ಇಟ್ಟರೆ ಸರಿಹೋಗುವುದಿಲ್ಲವೇ?

ತಣ್ಣಗಾದ ಕಾಲನ್ನು ಕಂಡ ಕೂಡಲೇ ತಿಕ್ಕುವುದು ಪ್ರೀತಿಯಿಂದ ಹುಟ್ಟಿದ ಅಭ್ಯಾಸ, ಆದರೆ ಕೊರತೆ ಇರುವುದು ಪಾದದಲ್ಲಲ್ಲ, ಇಡೀ ದೇಹದ ಹರಿವಿನಲ್ಲಿ. ಬಿಸಿನೀರಿನ ಚೀಲವಂತೂ ಅಪಾಯಕರ: ರಕ್ತ ಹರಿಯದ ಚರ್ಮಕ್ಕೆ ಬಿಸಿಯನ್ನು ಸಾಗಹಾಕುವ ಶಕ್ತಿ ಇರುವುದಿಲ್ಲ, ಪ್ರಜ್ಞೆ ಇಲ್ಲದ ರೋಗಿ ಸುಡುತ್ತಿದೆ ಎಂದು ಹೇಳಲಾರರು, ಹೀಗಾಗಿ ಸುಟ್ಟಗಾಯವಾಗುತ್ತದೆ. ಒಣ ಹೊದಿಕೆ ಹೊದಿಸಿ. ಕೈ ಹಿಡಿದುಕೊಂಡು ಕೂರಲು ಬಿಟ್ಟರೆ ಕೂರಿ, ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಬಿಪಿ ಏರಿಸುವ ಔಷಧಿ ಕೊಟ್ಟ ಮೇಲೆ ಬೆರಳ ತುದಿ ಕಪ್ಪಾಗಿದೆ. ಔಷಧಿಯಿಂದಲೇ ಹೀಗಾಯಿತೇ?

ನಾರ್‌ಅಡ್ರಿನಲಿನ್, ವ್ಯಾಸೊಪ್ರೆಸಿನ್ ಮುಂತಾದ ಔಷಧಿಗಳು ರಕ್ತನಾಳಗಳನ್ನು ಬಿಗಿಗೊಳಿಸಿಯೇ ಬಿಪಿಯನ್ನು ಮೇಲೆತ್ತುತ್ತವೆ, ಆದ್ದರಿಂದ ಹೆಚ್ಚು ಪ್ರಮಾಣದಲ್ಲಿ ಬೇಕಾದಾಗ ಬೆರಳಿನ ಹರಿವು ಇನ್ನಷ್ಟು ಕುಗ್ಗಬಹುದು. ಆದರೆ ಕಾರಣ ಅದೊಂದೇ ಅಲ್ಲ. ತೀವ್ರ ಸೆಪ್ಸಿಸ್‌ನಲ್ಲಿ ಸಣ್ಣ ನಾಳಗಳೊಳಗೆಲ್ಲ ರಕ್ತ ಹೆಪ್ಪುಗಟ್ಟುವ ತೊಂದರೆಯೂ ಜೊತೆಗೂಡಿ, ಎರಡೂ ಕೈ, ಎರಡೂ ಕಾಲಿನ ತುದಿಗಳು ಒಣಗಿ ಕಪ್ಪಾಗುವ ಗ್ಯಾಂಗ್ರೀನ್ ಆಗುತ್ತದೆ. ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ಮಿದುಳು, ಹೃದಯ, ಮೂತ್ರಪಿಂಡಗಳಿಗೆ ರಕ್ತ ನಿಲ್ಲುತ್ತದೆ. ಬೆರಳಿಗೂ ಪ್ರಾಣಕ್ಕೂ ನಡುವಿನ ಈ ತೂಗಾಟ ಚಿಕಿತ್ಸೆ ಮಾಡುವವರಿಗೂ ಬಹಳ ಕಷ್ಟದ್ದು. ಕಪ್ಪಾದ ಭಾಗವನ್ನು ಕೂಡಲೇ ತೆಗೆಯಬೇಕೆಂದೇನೂ ಇಲ್ಲ. ಸೋಂಕು ತಗುಲದೆ ಒಣಗಿದ್ದರೆ, ಜೀವವಿರುವ ಚರ್ಮಕ್ಕೂ ಇಲ್ಲದ ಚರ್ಮಕ್ಕೂ ನಡುವಿನ ಗೆರೆ ಸ್ಪಷ್ಟವಾಗುವವರೆಗೆ ವಾರಗಟ್ಟಲೆ ಕಾಯುವುದುಂಟು.

ಮನೆಯವರು ಗಮನಿಸಬಹುದಾದ ಒಂದು ಸಂಗತಿ: ಈ ಔಷಧಿ ಕೈಯ ಸಣ್ಣ ರಕ್ತನಾಳದಲ್ಲಿ ಹೋಗುತ್ತಿರುವಾಗ ಸೂಜಿಯ ಸುತ್ತ ಚರ್ಮ ಬಿಳಿಚಿ, ಊದಿ, ತಣ್ಣಗಾದರೆ ಔಷಧಿ ಹೊರಗೆ ಸೋರುತ್ತಿದೆ. ಸ್ಟಾಫ್ ನರ್ಸ್‌ಗೆ ಆ ಕ್ಷಣವೇ ಹೇಳಿ.

ಡೆಂಗ್ಯೂ ಆದ ಮಗುವಿಗೆ ಜ್ವರ ಬಿಟ್ಟಿತು, ಆದರೆ ಕೈಕಾಲು ತಣ್ಣಗಾಗಿದೆ. ಮನೆಗೆ ಕರೆದೊಯ್ಯಬಹುದೇ?

ದಯವಿಟ್ಟು ಕರೆದೊಯ್ಯಬೇಡಿ. ಡೆಂಗ್ಯೂವಿನಲ್ಲಿ ಅತ್ಯಂತ ಅಪಾಯದ ಹೊತ್ತು ಜ್ವರ ಉರಿಯುವಾಗ ಬರುವುದಿಲ್ಲ; ಸಾಮಾನ್ಯವಾಗಿ 3ರಿಂದ 7ನೆಯ ದಿನದೊಳಗೆ, ಜ್ವರ ಇಳಿಯುವ ವೇಳೆಗೆ ಶುರುವಾಗಿ 24ರಿಂದ 48 ಗಂಟೆ ಇರುತ್ತದೆ. ಆಗ ರಕ್ತದ ದ್ರವಭಾಗ ನಾಳಗಳಿಂದ ಹೊರಗೆ ಸೋರುತ್ತದೆ. ಮಗು ಎಚ್ಚರವಾಗಿಯೇ ಇರುತ್ತದೆ, ಮಾತಾಡುತ್ತದೆ, ಮೇಲಿನ ಬಿಪಿಯೂ ಸಹಜವಾಗಿರುತ್ತದೆ. ಆದರೆ ಕೆಳಗಿನ ಬಿಪಿ ಮೇಲಕ್ಕೇರಿ ಎರಡರ ನಡುವಿನ ಅಂತರ 20 ಅಥವಾ ಅದಕ್ಕೂ ಕಡಿಮೆಯಾಗುತ್ತದೆ, ಉದಾಹರಣೆಗೆ 100 ಮತ್ತು 80. ಈ ಹಂತದಲ್ಲಿ ಮನೆಯವರ ಕೈಗೆ ಸಿಗುವ ಸುಳಿವೆಂದರೆ ತಣ್ಣನೆಯ, ಜಿಗುಟಾದ ಕೈಕಾಲು, ಮತ್ತು ಒತ್ತಿ ಬಿಟ್ಟ ಬೆರಳಿಗೆ 2 ಸೆಕೆಂಡು ಕಳೆದರೂ ಬಣ್ಣ ಬಾರದಿರುವುದು. ಹೊಟ್ಟೆನೋವು, ಬಿಡದ ವಾಂತಿ, ಮಂಕು, ಒಸಡಿನ ರಕ್ತ ಇವುಗಳಲ್ಲಿ ಯಾವುದಾದರೂ ಸೇರಿದರೆ ಸಂಶಯವೇ ಬೇಡ. ಸರಿಯಾದ ಪ್ರಮಾಣದಲ್ಲಿ ಡ್ರಿಪ್ ಹಾಕಿ ಗಂಟೆಗಂಟೆಗೂ ನೋಡಿಕೊಂಡರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ ಸೊಳ್ಳೆಯ ಬಗ್ಗೆ ಮಾತು ಹೆಚ್ಚಾಗಿದೆ. ಜ್ವರ ಬಿಟ್ಟ ದಿನದ ಎಚ್ಚರಿಕೆಯೂ ಅಷ್ಟೇ ಜೋರಾಗಿ ಮನೆಮನೆಗೆ ತಲುಪಬೇಕು.

ಹಾವು ಕಚ್ಚಿದವರಲ್ಲಿ ಚರ್ಮ ಏನನ್ನು ತಿಳಿಸುತ್ತದೆ?

ಪಾವಗಡ, ಶಿರಾ, ಬಾಗೇಪಲ್ಲಿ ಕಡೆಯ ಕಡಲೆಕಾಯಿ ಹೊಲಗಳಲ್ಲಿ ಕೊಳಕುಮಂಡಲ ಕಚ್ಚಿದಾಗ ಜಾಗ ಊದುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ, ಕೆಲವರಲ್ಲಿ ನಾಳಗಳಿಂದ ದ್ರವ ಸೋರಿ ಶಾಕ್ ಆಗುತ್ತದೆ. ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿ ತಂದರೆ ಆ ಕಾಲು ನೀಲಿಯಾಗಿ ತಣ್ಣಗಾದದ್ದು ವಿಷದಿಂದಲೋ ಹಗ್ಗದಿಂದಲೋ ತಿಳಿಯುವುದಿಲ್ಲ, ಅಂಗಕ್ಕೇ ಕುತ್ತು ಬರುತ್ತದೆ. ಕಟ್ಟಬೇಡಿ. ಕಚ್ಚದ ಕೈಕಾಲುಗಳಲ್ಲಿಯೇ ರಕ್ತಸಂಚಾರವನ್ನು ನೋಡಬೇಕು.

ಲ್ಯಾಕ್ಟೇಟ್ ಪರೀಕ್ಷೆ ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಆಗುವುದಿಲ್ಲ. ಬೆರಳು ನೋಡಿಕೊಂಡೇ ಚಿಕಿತ್ಸೆ ಮಾಡಿದರೆ ರೋಗಿಗೆ ಅನ್ಯಾಯವಾಗುವುದಿಲ್ಲವೇ?

ಈ ಅಳುಕನ್ನು ಕಳೆಯುವ ಆಧಾರ ಈಗಿದೆ. 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ ಶಾಕ್ ಎಂಬ ಅಧ್ಯಯನವನ್ನು ದಕ್ಷಿಣ ಅಮೆರಿಕದ 5 ದೇಶಗಳ 28 ಐಸಿಯುಗಳಲ್ಲಿ ಸೆಪ್ಟಿಕ್ ಶಾಕ್ ಆಗಿದ್ದ 424 ರೋಗಿಗಳಲ್ಲಿ ನಡೆಸಿದರು. ಅರ್ಧ ಜನರಿಗೆ ಬೆರಳಿನ ಬಣ್ಣ ಮರಳುವ ಸಮಯವನ್ನು, ಉಳಿದವರಿಗೆ ಲ್ಯಾಕ್ಟೇಟನ್ನು ಗುರಿಯಾಗಿಟ್ಟುಕೊಂಡು ಚಿಕಿತ್ಸೆ ಕೊಟ್ಟರು. 28 ದಿನಗಳಲ್ಲಿ ಬೆರಳಿನ ಗುಂಪಿನಲ್ಲಿ ಶೇ. 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ. 43.4 ಸಾವು ಸಂಭವಿಸಿತು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಅಳತೆಯಲ್ಲಿ ಈ ವ್ಯತ್ಯಾಸ ಗಡಿಯನ್ನು ದಾಟಲಿಲ್ಲವಾದ್ದರಿಂದ ಬೆರಳಿನ ಪರೀಕ್ಷೆಯೇ ಮೇಲೆಂದು ಹೇಳಲಾಗದು. ಆದರೆ ಅದನ್ನು ಅನುಸರಿಸಿದ್ದರಿಂದ ಹಾನಿಯ ಸುಳಿವೂ ಕಾಣಲಿಲ್ಲ. 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯು ಇತರ ಅಳತೆಗಳ ಜೊತೆಗೆ ಬೆರಳಿನ ಪರೀಕ್ಷೆಯನ್ನೂ ಬಳಸಬಹುದೆಂದು ಸಲಹೆ ಮಾಡಿತು. ರಾತ್ರಿಪಾಳಿಯಲ್ಲಿ ಒಬ್ಬರೇ ಇರುವ ಸ್ಟಾಫ್ ನರ್ಸ್ ಪ್ರತಿ ಅರ್ಧ ಗಂಟೆಗೆ ಬರೆದಿಟ್ಟ ಸೆಕೆಂಡುಗಳು ಬಡವರ ಪಾಲಿನ ಎರಡನೇ ದರ್ಜೆಯ ವೈದ್ಯವಲ್ಲ.

ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಕಪ್ಪಾಗಿದೆ. ಇದೂ ರಕ್ತಸಂಚಾರದ ಕೊರತೆಯೇ?

ಹಾಸಿಗೆ ಹುಣ್ಣಿನ ಆರಂಭವಿರಬಹುದು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಮೊದಲೇ ಕಡಿಮೆಯಿದ್ದರೆ ಹುಣ್ಣು ಬೇಗ ಆಗುತ್ತದೆ. ಕಪ್ಪು ಚರ್ಮದಲ್ಲಿ ಆರಂಭದ ಕೆಂಪು ಕಾಣದಿರುವುದರಿಂದ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ, ಗಟ್ಟಿಯಾಗಿ ಅಥವಾ ಮೆತ್ತಗಾಗಿ ಕೈಗೆ ಸಿಗುವ ಜಾಗವನ್ನು ಹುಡುಕಬೇಕು. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡುವುದು ರೂಢಿಯ ಕ್ರಮ.

ಕಲೆ ತೊಡೆಯವರೆಗೆ ಏರಿದೆ. ಇನ್ನು ಆಸೆ ಇಲ್ಲವೆಂದು ಅರ್ಥವೇ?

ಹಾಗೆಂದು ಒಂದು ಲಕ್ಷಣದಿಂದ ಯಾರೂ ಹೇಳಬಾರದು. ಮೂಲದಲ್ಲಿ ಗುಣವಾಗಬಲ್ಲ ಸೋಂಕಿದ್ದು ಸರಿಯಾದ ಆಂಟಿಬಯಾಟಿಕ್, ದ್ರವ, ಬಿಪಿಯ ಔಷಧಿ ಬೇಗ ಸಿಕ್ಕರೆ ಏರಿದ ಕಲೆ ಇಳಿಯುವುದುಂಟು. ಕೊನೆಯ ಹಂತದ ಕ್ಯಾನ್ಸರಿನಂಥ ಕಾಯಿಲೆಯಲ್ಲಿ ಅದೇ ಕಲೆ ಮೂಡಿದಾಗ ಅರ್ಥ ಬೇರೆ. ಅದು ಅಂತ್ಯ ಹತ್ತಿರವಾದ ಸೂಚನೆಯಾಗಿರಬಹುದು, ಆಗ ನೋವಿಲ್ಲದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ನೀವು ವೈದ್ಯರನ್ನು ಕೇಳಬೇಕಾದದ್ದು ಇಷ್ಟು: "ಬೆಳಗ್ಗೆಗಿಂತ ಈಗ ಹೆಚ್ಚಾಗಿದೆಯೋ, ಕಡಿಮೆಯಾಗಿದೆಯೋ? ಔಷಧಿಯ ಪ್ರಮಾಣ ಏರುತ್ತಿದೆಯೋ, ಇಳಿಯುತ್ತಿದೆಯೋ? ಮೂತ್ರ ಬರುತ್ತಿದೆಯೋ?"

ಮುಳಬಾಗಿಲಿನಿಂದ ಕೋಲಾರಕ್ಕೋ, ಅಲ್ಲಿಂದ ಬೆಂಗಳೂರಿಗೋ ಸಾಗಿಸಬೇಕಾದಾಗ ನಾವು ಏನನ್ನು ಹೇಳಬೇಕು?

108ಕ್ಕೆ ಕರೆ ಮಾಡುವಾಗ "ತುಂಬಾ ಸೀರಿಯಸ್ಸು ಸಾರ್" ಎಂಬ ಮಾತಿಗಿಂತ "ಎರಡು ಗಂಟೆಯಿಂದ ಕೈಕಾಲು ತಣ್ಣಗಾಗಿದೆ, ಬೆವರುತ್ತಿದ್ದಾರೆ, ಮಾತು ಅಸ್ಪಷ್ಟವಾಗಿದೆ, ಬೆಳಗ್ಗೆಯಿಂದ ಮೂತ್ರವಾಗಿಲ್ಲ" ಎಂಬ ಮಾತು ಕೇಳುವವರಿಗೆ ಹೆಚ್ಚು ತಿಳಿಸುತ್ತದೆ. ತಣ್ಣಗಾಗಲು ಶುರುವಾದ ಸಮಯ, ಕೊನೆಯ ಸಲ ಮೂತ್ರವಾದ ಸಮಯ, ಕೊಟ್ಟ ಮಾತ್ರೆಗಳ ಹೆಸರು ಇವಿಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿಲೋಮೀಟರು, ಅಲ್ಲಿಂದ ಬೆಂಗಳೂರಿಗೆ ಸುಮಾರು 70. ಆ ದಾರಿಯಲ್ಲಿ ಬಹಳಷ್ಟು ಬದಲಾಗಬಹುದು. ಕಳುಹಿಸುವ ಆಸ್ಪತ್ರೆಯಿಂದ ರೆಫರಲ್ ಪತ್ರದಲ್ಲಿ ಬಿಪಿ, ನಾಡಿಯ ಜೊತೆಗೆ ಬೆರಳಿನ ಸೆಕೆಂಡು, ತಣ್ಣಗಿರುವುದು ಎಲ್ಲಿಯವರೆಗೆ, ಮೊಣಕಾಲಿನ ಕಲೆ ಎಷ್ಟಗಲ, ಯಾವ ಗಂಟೆಯಲ್ಲಿ ನೋಡಿದ್ದು ಎಂಬುದನ್ನೂ ಬರೆಸಿಕೊಳ್ಳಿ. ತಲುಪಿದ ಕಡೆ ಅದೇ ಬೆರಳನ್ನು ಮತ್ತೆ ಒತ್ತಿ ನೋಡುವವರಿಗೆ, ದಾರಿಯಲ್ಲಿ ರೋಗಿ ಸುಧಾರಿಸಿದರೋ ಕುಸಿದರೋ ಎಂಬುದು ಆ ಸಾಲಿನಿಂದ ತಿಳಿಯುತ್ತದೆ.